ಕಾರ್ಡಿನಲ್ಲಿ ಯಜಮಾನಿ, ಪಹಣಿಯಲ್ಲಿ ಯಾರು?

2023ರ ಮಳೆಗಾಲದ ಒಂದು ಸಂಜೆ ಅಮ್ಮ ಫೋನ್ ಮಾಡಿದಳು. "ನಾನೇ ಈ ಮನೆ ಯಜಮಾನಿ ಅಂತೆ ಕಣೋ! ಗ್ರಾಮ ಒನ್‌ನಲ್ಲಿ ಹೇಳಿದ್ರು" ಅಂತ ಒಂದೇ ನಗು. ಹಿಂದಿನಿಂದ ಅಪ್ಪನ ದನಿ ಕೇಳಿಸಿತು: "ಹಾಗಾದ್ರೆ ನಾಳೆಯಿಂದ ಕಾಫಿ ನಾನೇ ಮಾಡ್ಬೇಕಾ, ಕೇಳು." ಮಾಡಲಿಲ್ಲ, ಬಿಡಿ.

ಅಮ್ಮ ನಕ್ಕಿದ್ದಕ್ಕೆ ಕಾರಣವಿದೆ. ನಮ್ಮ ತುಮಕೂರು ಕಡೆ 'ಯಜಮಾನ್ರು' ಅಂದರೆ ಗಂಡ. "ಯಜಮಾನ್ರು ಮನೇಲಿಲ್ಲ, ಆಮೇಲೆ ಬನ್ನಿ" ಅಂತ ಬಾಗಿಲಲ್ಲಿ ನಿಂತು ಐವತ್ತು ವರ್ಷ ಹೇಳಿದವಳು ಅವಳು. ಆ ಪದಕ್ಕೆ ಹೆಣ್ಣು ರೂಪವೂ ಇದೆ, ಅದು ತನಗೇ ಸಲ್ಲುತ್ತದೆ ಅಂತ ಅವಳಿಗೆ ಯಾವತ್ತೂ ಅನ್ನಿಸಿರಲಿಲ್ಲ. (ಅಮ್ಮ 'ಮಾಡಿದಳು', ಅಪ್ಪ 'ಅಂದರು' ಎಂದೇ ನನ್ನ ಕೈ ಬರೆಯುತ್ತದೆ. ತಿದ್ದೋಣ ಅಂದರೆ ಅಮ್ಮ ಪರಕೀಯಳಾಗಿಬಿಡುತ್ತಾಳೆ. ಇದೂ ಇದೇ ಕಥೆಗೆ ಸೇರಿದ್ದು.)

ಹಾಗೆ ನೋಡಿದರೆ ಆಕೆ ಕಾಗದದ ಮೇಲೆ ಯಜಮಾನಿ ಆಗಿದ್ದು ಗೃಹಲಕ್ಷ್ಮಿ ಯೋಜನೆಯಿಂದಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 13ನೇ ಸೆಕ್ಷನ್ನು ಒಂದು ಸಣ್ಣ ಕ್ರಾಂತಿ ಮಾಡಿತ್ತು. ರೇಷನ್ ಕಾರ್ಡಿನ ಮಟ್ಟಿಗೆ, ಮನೆಯಲ್ಲಿ 18 ತುಂಬಿದ ಹೆಂಗಸರಲ್ಲಿ ಹಿರಿಯಳೇ ಕುಟುಂಬದ ಮುಖ್ಯಸ್ಥೆ ಎಂದು ಅದು ಹೇಳಿತು. ಗಂಡಸು ಮುಖ್ಯಸ್ಥನಾಗಬೇಕಾದರೆ ಆ ಮನೆಯಲ್ಲಿ ಪ್ರಾಯದ ಹೆಂಗಸೇ ಇರಬಾರದು. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾದ ಗೃಹಲಕ್ಷ್ಮಿ ಅದೇ ಹೆಸರಿಗೆ ತಿಂಗಳಿಗೆ 2,000 ರೂಪಾಯಿ ಜೋಡಿಸಿತು. ದುಡ್ಡು ಬಂದ ಮೇಲೆ ಹೆಸರಿಗೂ ಬೆಲೆ ಬಂತು. ದುಡ್ಡು ಅತ್ತೆಗಾ ಸೊಸೆಗಾ ಅಂತ ಟೀವಿಯಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಚರ್ಚೆ ನಡೆಯಿತು. "ಇದರಿಂದ ಸಂಸಾರಗಳು ಒಡೆಯುತ್ತವೆ, ನಮ್ಮ ಹಿಂದಿನ ಕಾಲದ ಕುಟುಂಬ ಪದ್ಧತಿ ಹಾಳಾಗುತ್ತದೆ" ಅಂತ ಹಿರಿಯರು ತಲೆ ಆಡಿಸಿದರು.

ಯಾವ ಹಿಂದಿನ ಕಾಲ? ಯಾವ ಪದ್ಧತಿ? ಕರ್ನಾಟಕದಲ್ಲಿ ಅದು ಒಂದೇ ಇರಲಿಲ್ಲ ಅನ್ನೋದೇ ನನ್ನ ತಕರಾರು. ಘಟ್ಟದ ಮೇಲೆ ಒಂದು, ಘಟ್ಟದ ಕೆಳಗೆ ಅದಕ್ಕೆ ತದ್ವಿರುದ್ಧವಾದ ಇನ್ನೊಂದು. ಎರಡೂ ನೂರಾರು ವರ್ಷ ಅಕ್ಕಪಕ್ಕ ಬಾಳಿವೆ.

ಮೊದಲು ಘಟ್ಟದ ಮೇಲಿನದು. ದೇಶದ ಬಹುಪಾಲು ಹಿಂದೂ ಕುಟುಂಬಗಳ ಆಸ್ತಿ ಲೆಕ್ಕ ನಡೆಯೋದು ಮಿತಾಕ್ಷರದ ಮೇಲೆ. ಇದು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ. ಬರೆದವನು ವಿಜ್ಞಾನೇಶ್ವರ, ಕಲ್ಯಾಣದಲ್ಲಿ ಆಳುತ್ತಿದ್ದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದವನು. ಇವತ್ತಿನ ಬಸವಕಲ್ಯಾಣ ಅದು. ಬಂಗಾಳ, ಅಸ್ಸಾಂ ಕಡೆ ಬಿಟ್ಟರೆ ಹೆಚ್ಚುಕಡಿಮೆ ಇಡೀ ಭಾರತದ ಅಣ್ಣತಮ್ಮಂದಿರು ಕೋರ್ಟಿನಲ್ಲಿ ಜಗಳವಾಡಿದ್ದು ನಮ್ಮ ಬೀದರ್ ಜಿಲ್ಲೆಯಲ್ಲಿ ಬರೆದ ಪುಸ್ತಕ ಹಿಡಿದು. ಅದರ ತಿರುಳು ಇಷ್ಟೇ: ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಗುವಿಗೆ ಹುಟ್ಟಿನಿಂದಲೇ ಪಾಲು. ಅಪ್ಪ ಸಾಯುವವರೆಗೂ ಕಾಯಬೇಕಿಲ್ಲ. ಹೆಣ್ಣುಮಗುವಿಗೆ ಆ ಹುಟ್ಟುಹಕ್ಕು ಇಲ್ಲ. ಅವಳಿಗೆ ಮದುವೆ, ಒಡವೆ, ಅರಿಶಿನ-ಕುಂಕುಮ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅನ್ನೋ ಗಾದೆ ಈ ಲೆಕ್ಕದಲ್ಲೇ ಹುಟ್ಟಿದ್ದು.

ಆದರೆ ಇಲ್ಲೊಂದು ಸ್ವಾರಸ್ಯ ಇದೆ. ಸ್ತ್ರೀಧನ ಅಂದರೇನು ಅನ್ನೋ ಪ್ರಶ್ನೆಗೆ ವಿಜ್ಞಾನೇಶ್ವರ ಸಾಕಷ್ಟು ಧಾರಾಳವಾಗಿ ಉತ್ತರಿಸಿದ್ದ. ಒಡವೆ, ಸೀರೆ ಮಾತ್ರ ಅಲ್ಲ, ಹೆಂಗಸಿಗೆ ವಾರಸುದಾರಿಕೆಯಿಂದ ಬಂದದ್ದು, ಪಾಲಿನಿಂದ ಬಂದದ್ದು, ಅವಳು ಕೊಂಡದ್ದು ಎಲ್ಲವೂ ಅವಳದೇ ಎಂದ. ಏಳೆಂಟು ನೂರು ವರ್ಷದ ಮೇಲೆ ಇದನ್ನು ಕತ್ತರಿಸಿದ್ದು ಲಂಡನ್ನಿನ ಪ್ರಿವಿ ಕೌನ್ಸಿಲ್, ಬ್ರಿಟಿಷರ ಕಾಲದ ನಮ್ಮ ಕಟ್ಟಕಡೆಯ ಕೋರ್ಟು. ವಾರಸಾಗಿ ಬಂದ ಆಸ್ತಿ ಸ್ತ್ರೀಧನ ಅಲ್ಲ, ಅವಳು ಬದುಕಿರುವ ತನಕ ಅನುಭವಿಸಬಹುದು ಅಷ್ಟೇ, ಮಾರುವಂತಿಲ್ಲ, ಆಮೇಲೆ ಅದು ಮೊದಲಿನ ಒಡೆಯನ ಕಡೆಯವರಿಗೆ ವಾಪಸ್ ಎಂದು ಸೂಟು-ಬೂಟಿನ ನ್ಯಾಯಾಧೀಶರು ತೀರ್ಪು ಕೊಟ್ಟರು. ಹೆಂಗಸಿಗೆ ಬಂದ ಆಸ್ತಿ ಪೂರ್ತಿ ಅವಳದೇ ಅಂತ ಮತ್ತೆ ಆಗಲು 1956 ಬರಬೇಕಾಯಿತು. ನಾವು 'ಸಂಪ್ರದಾಯ' ಅಂತ ಹಣೆಗೆ ಹಚ್ಚಿಕೊಳ್ಳೋದರಲ್ಲಿ ಇಂಗ್ಲಿಷರ ಕೋರ್ಟಿನ ಶಾಯಿ ಎಷ್ಟಿದೆ ಅಂತ ಯಾರೂ ನೋಡೋಕೆ ಹೋಗಲ್ಲ.

ಈಗ ಘಟ್ಟ ಇಳಿಯೋಣ. ಕುಂದಾಪುರ ಕಡೆಯ ಗೆಳೆಯನೊಬ್ಬ ಕಾಲೇಜಿನಲ್ಲಿ "ನಮ್ದು ಅಳಿಯಕಟ್ಟು" ಅಂದಾಗ ನಾನು, ಮಗಳ ಗಂಡನಿಗೆ ಆಸ್ತಿ ಕೊಡ್ತಾರೆ ಅಂದುಕೊಂಡಿದ್ದೆ. ನಮ್ಮ ಕಡೆ ಗಂಡುಮಕ್ಕಳಿಲ್ಲದವರು ಮನೆಅಳಿಯನನ್ನು ತಂದುಕೊಳ್ಳುತ್ತಾರಲ್ಲ, ಹಾಗೆ. ಅಲ್ಲ. ಇಲ್ಲಿ ಅಳಿಯ ಅಂದರೆ ಅಕ್ಕತಂಗಿಯ ಮಗ. ವಂಶ ನಡೆಯೋದು ತಾಯಿಯಿಂದ. ಬಂಟರು, ಬಿಲ್ಲವರು, ಮೊಗವೀರರು, ಇನ್ನೂ ಕೆಲವು ಸಮುದಾಯಗಳಲ್ಲಿ ಮಗು ಹುಟ್ಟಿದರೆ ಅದು ತಾಯಿಯ 'ಬಳಿ'ಗೆ, ಅಂದರೆ ಅವಳ ಕುಲಕ್ಕೆ ಸೇರಿತು, ತಾಯಿಯ ಕುಟುಂಬದ ಸದಸ್ಯ ಆಯಿತು. ಅಪ್ಪ ಬೇರೆ ಕುಟುಂಬದವನು. ಅವನ ಪಾಲು, ಅವನ ಜವಾಬ್ದಾರಿ ಅವನ ಅಕ್ಕತಂಗಿಯರ ಮಕ್ಕಳ ಕಡೆಗೆ.

ಇದಕ್ಕೊಂದು ಕಥೆ ಹೇಳುತ್ತಾರೆ. ಕುಂಡೋದರ ಅನ್ನೋ ಭೂತ ರಾಜನ ಹಡಗನ್ನು ತಡೆದು ನರಬಲಿ ಕೇಳಿತಂತೆ. ರಾಜನ ಹೆಂಡತಿ ಮಗನನ್ನು ಕೊಡಲು ಒಪ್ಪಲಿಲ್ಲ. ತಂಗಿ ಸತ್ಯವತಿ ತನ್ನ ಮಗ ಜಯಪಾಂಡ್ಯನನ್ನು ಕೊಡಲು ಮುಂದೆ ಬಂದಳು. ಭೂತ ಮೆಚ್ಚಿ ಹುಡುಗನನ್ನು ಉಳಿಸಿತು. ರಾಜ್ಯ ಅವನಿಗೇ ಬಂತು. ಅವನೇ ಭೂತಾಳ ಪಾಂಡ್ಯ, ಅವನು ಮಾಡಿದ್ದೇ ಅಳಿಯಕಟ್ಟು ಎಂದು ಪ್ರತೀತಿ. ಚರಿತ್ರೆ ಅಂತ ಇದನ್ನು ಯಾರೂ ಒಪ್ಪಬೇಕಿಲ್ಲ. ಆದರೆ ಕಥೆಯ ಜಾಣತನ ನೋಡಿ: ತ್ಯಾಗ ಮಾಡಿದ್ದು ತಂಗಿ, ಸಿಂಹಾಸನ ಹತ್ತಿದ್ದು ಅವಳ ಮಗ.

ಅಳಿಯಕಟ್ಟಿನ ಗುಟ್ಟೂ ಅದೇ. ಆಸ್ತಿ ಹೆಣ್ಣಿನ ದಾರಿಯಲ್ಲಿ ಹರಿಯುತ್ತಿತ್ತು, ಅಧಿಕಾರ ಸಾಮಾನ್ಯವಾಗಿ ಗಂಡಸಿನ ಕೈಯಲ್ಲೇ ಇರುತ್ತಿತ್ತು. ಗಂಡನ ಕೈಯಲ್ಲಲ್ಲ, ಅಣ್ಣನ ಅಥವಾ ಸೋದರಮಾವನ ಕೈಯಲ್ಲಿ. ಆದರೂ ಒಂದು ವ್ಯತ್ಯಾಸ ಇತ್ತು. ಕುಟುಂಬದಲ್ಲಿ ವಯಸ್ಸಿಗೆ ಹಿರಿಯರು ಯಾರೋ ಅವರೇ ಮುಖ್ಯಸ್ಥರು. ಗಂಡಾದರೆ ಯಜಮಾನ, ಹೆಣ್ಣಾದರೆ ಯಜಮಾನ್ತಿ. ರೇಷನ್ ಕಾರ್ಡಿನ ಕಾಯ್ದೆ 2013ರಲ್ಲಿ ಕಂಡುಹಿಡಿದ ಪದವಿ ಕರಾವಳಿಯ ಗುತ್ತಿನ ಮನೆಗಳಲ್ಲಿ, ಅಂದರೆ ಜಮೀನ್ದಾರರ ದೊಡ್ಡ ಮನೆಗಳಲ್ಲಿ, ಮೊದಲೇ ಇತ್ತು. ಅಲ್ಲಿ ಅದರ ಜೊತೆಗೆ ಗೇಣಿ ಭತ್ತದ ಲೆಕ್ಕ, ಪತ್ತಾಯದ (ಭತ್ತದ ಕಣಜದ) ಬೀಗದ ಕೈ, ದೈವದ ಮುಂದೆ ಮೊದಲ ಪ್ರಸಾದ ಎಲ್ಲವೂ ಬರುತ್ತಿದ್ದವು. ಇಲ್ಲಿ 2,000 ರೂಪಾಯಿ ಬರುತ್ತದೆ.

ನನಗೆ ಇದಕ್ಕಿಂತ ಮುಖ್ಯ ಅನ್ನಿಸೋದು ಇನ್ನೊಂದು. ಅಳಿಯಕಟ್ಟಿನ ಹೆಣ್ಣು ಮದುವೆಯಾಗಿ ಗಂಡನ ಮನೆಗೆ ಹೋಗಿ ಬಾಳಿದರೂ ಅವಳ 'ಸ್ವಂತ ಮನೆ' ಹುಟ್ಟಿದ ಮನೆಯೇ. ಗಂಡ ಸತ್ತರೆ, ಸಂಬಂಧ ಮುರಿದರೆ, ಮಕ್ಕಳನ್ನು ಕಟ್ಟಿಕೊಂಡು ವಾಪಸ್ ಬರುತ್ತಿದ್ದಳು. ಯಾರ ದಾಕ್ಷಿಣ್ಯವೂ ಬೇಕಿರಲಿಲ್ಲ. ತವರು ಅವಳಿಗೆ ಹಕ್ಕು. ಘಟ್ಟದ ಮೇಲೆ ತವರು ಅಂದರೆ ಋಣ. ಅಣ್ಣ ಕರೆದರೆ ಹೋಗಬೇಕು, ಅತ್ತಿಗೆ ಮುಖ ಸಿಂಡರಿಸಿದರೆ ಮೂರನೇ ದಿನಕ್ಕೆ ಬಸ್ ಹತ್ತಬೇಕು.

ಹಾಗಂತ ಅಳಿಯಕಟ್ಟನ್ನು ಹೆಂಗಸರ ಸ್ವರ್ಗ ಅಂತ ಬಣ್ಣಿಸೋದು ಸುಮ್ನೆ. ಜೀವನಪೂರ್ತಿ ಗಂಡನ ಗದ್ದೆಯಲ್ಲಿ ದುಡಿದವಳು ಗಂಡ ಸತ್ತ ಮೇಲೆ ಬರಿಗೈಲಿ ಹೊರಡುತ್ತಿದ್ದಳಲ್ಲ, ಅದೂ ಈ ಕಟ್ಟಿನದೇ ಫಲ. ಓದಿ ನೌಕರಿ, ವಕಾಲತ್ತು ಅಂತ ಸಂಪಾದನೆಗೆ ಇಳಿದ ಅಪ್ಪಂದಿರಿಗೆ ತಮ್ಮ ದುಡಿಮೆ ತಮ್ಮ ಮಕ್ಕಳಿಗೆ ಹೋಗುವುದಿಲ್ಲವಲ್ಲ ಅನ್ನೋ ಸಂಕಟ. ಜೊತೆಗೆ ಕುಟುಂಬ ಒಡೆಯೋಕೂ ಬಿಡುತ್ತಿರಲಿಲ್ಲ. ಎಲ್ಲರೂ ಒಪ್ಪದೆ ಒಬ್ಬರ ಒತ್ತಾಯಕ್ಕೆ ಪಾಲು ಮಾಡುವಂತಿಲ್ಲ ಎಂದು ಮದ್ರಾಸ್ ಹೈಕೋರ್ಟ್ 1860ರ ದಶಕದಲ್ಲೇ ಹೇಳಿಬಿಟ್ಟಿತ್ತು (ಕರಾವಳಿ ಆಗ ಮದ್ರಾಸಿಗೆ ಸೇರಿತ್ತು). ಕೊನೆಗೆ 1949ರ ಮದ್ರಾಸ್ ಅಳಿಯಸಂತಾನ (ಅಳಿಯಕಟ್ಟಿನ ಇನ್ನೊಂದು ಹೆಸರು) ಕಾಯ್ದೆ ಪಾಲಿಗೆ ದಾರಿ ಮಾಡಿತು. ಕುಟುಂಬದ ಕವಲುಗಳಿಗೆ, ಅಂದರೆ 'ಕವರು'ಗಳಿಗೆ, ಪಾಲು ಕೇಳುವ ಹಕ್ಕು ಬಂತು.

ಆ ಕಾಯ್ದೆಯ ಒಂದು ಪದ ಓದಿದಾಗಲೆಲ್ಲ ನನಗೆ ನಗು ಬರುತ್ತದೆ. ಕವರಿನಲ್ಲಿ 50 ತುಂಬದ ಒಬ್ಬ ಹೆಂಗಸಾದರೂ ಇದ್ದರೆ ಅದು 'ಸಂತತಿ ಕವರು'. ಇಲ್ಲದಿದ್ದರೆ 'ನಿಸ್ಸಂತತಿ ಕವರು'. ಐದು ಜನ ಗಟ್ಟಿಮುಟ್ಟು ಗಂಡುಮಕ್ಕಳಿದ್ದು, ಹೆಣ್ಣಿಲ್ಲದಿದ್ದರೆ? ಕಾನೂನಿನ ಕಣ್ಣಲ್ಲಿ ಸಂತಾನವಿಲ್ಲದ ಕವಲು. ಅಕ್ಕಪಕ್ಕದಲ್ಲಿ ಸಂತತಿ ಕವರು ಇದ್ದರೆ ಈ ಐವರಿಗೆ ಸಿಗೋದು ಬದುಕಿರುವವರೆಗಿನ ಅನುಭೋಗ ಮಾತ್ರ. ಇತ್ತ ತುಮಕೂರಲ್ಲಿ ಐದು ಹೆಣ್ಣು ಹಡೆದವಳನ್ನು "ಮಕ್ಕಳಿಲ್ಲ ಪಾಪ, ಬರೀ ಹೆಣ್ಣು" ಅನ್ನುತ್ತಿದ್ದ ಕಾಲ ಅದು. ನಡುವೆ ಇದ್ದದ್ದು ಒಂದು ರಾತ್ರಿಯ ಬಸ್ ಪ್ರಯಾಣದ ದೂರ.

1956ರ ಜೂನ್ 17ರಂದು ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ಕಾಯ್ದೆ ಅಳಿಯಕಟ್ಟಿನ ಗಂಡಸಿನ ಪಾಲನ್ನು ಅವನ ಹೆಂಡತಿ ಮಕ್ಕಳ ಕಡೆಗೂ ತಿರುಗಿಸಿತು. 1974ರ ಭೂಸುಧಾರಣೆಯಲ್ಲಿ ಗೇಣಿ ಜಮೀನು ಗೇಣಿದಾರರಿಗೆ ಹೋದಾಗ ಗುತ್ತಿನ ಮನೆಗಳ ಬೆನ್ನೆಲುಬೇ ಮುರಿಯಿತು. ಹಂಚೋಕೆ ಭತ್ತವೇ ಇಲ್ಲದ ಮೇಲೆ ಯಜಮಾನಿಕೆ ಎಲ್ಲಿಂದ? ಈಗ ಉಳಿದಿರೋದು ಬಳಿ, ನಾಗನ ತಂಬಿಲ, ದೈವದ ಕೋಲ. ಮುಂಬೈನಲ್ಲಿ ಹೋಟೆಲು ನಡೆಸುವ ಬಂಟರ ಮನೆಯಲ್ಲೂ ಮದುವೆ ಮಾತು ಬಂದರೆ ತಾಯಿಯ ಬಳಿ ಯಾವುದು ಅಂತ ಈಗಲೂ ಕೇಳುತ್ತಾರೆ. ಗದ್ದೆಗೆ ಮಾತ್ರ ಈಗ ಅಪ್ಪನ ದಾರಿ.

ಇಷ್ಟರಲ್ಲಿ ಮೈಸೂರು ಸಂಸ್ಥಾನ ಒಂದು ಕೆಲಸ ಮಾಡಿತ್ತು. ನಾಲ್ವಡಿಯವರ ಕಾಲದಲ್ಲಿ, 1933ರಲ್ಲಿ, ಹಿಂದೂ ಮಹಿಳೆಯರ ಹಕ್ಕುಗಳ ಕಾನೂನು ಬಂತು. ಅಪ್ಪ-ಮಕ್ಕಳು ಪಾಲಾದಾಗ ತಾಯಿಗೆ ಮಗನ ಪಾಲಿನ ಅರ್ಧ, ಮದುವೆಯಾಗದ ಮಗಳಿಗೆ ಅಣ್ಣತಮ್ಮನ ಪಾಲಿನ ಕಾಲು ಭಾಗ. ಕಾಲು ಭಾಗ ಅಂತ ಮೂಗು ಮುರಿಯಬಹುದು. ಬ್ರಿಟಿಷ್ ಭಾರತದಲ್ಲಿ ಆಗ ಮಗಳಿಗೆ ಆ ಕಾಲೂ ಇರಲಿಲ್ಲ. ಇಡೀ ದೇಶಕ್ಕೆ ಹಿಂದೂ ಕಾನೂನನ್ನು ಒಟ್ಟುಗೂಡಿಸುವ ಸಮಿತಿಯ ಅಧ್ಯಕ್ಷರಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾಯರು. ಹೆಣ್ಣಿನಿಂದ ವಂಶ ಎಣಿಸುವ ಊರಿನ ಗಾಳಿ ಕುಡಿದವರಿಗೆ ಮಗಳಿಗೂ ಪಾಲು ಅನ್ನೋದು ವಿಚಿತ್ರವಾಗಿ ಕಂಡಿರಲಾರದು ಅಂತ ನನ್ನ ಊಹೆ, ಅಷ್ಟೇ. ಆ ಕೆಲಸ ಮುಂದುವರಿಸಿದ ಅಂಬೇಡ್ಕರ್, ಮಸೂದೆ ಮುಂದೆ ಸಾಗದೆ, 1951ರಲ್ಲಿ ಮಂತ್ರಿಪದವಿಗೆ ರಾಜೀನಾಮೆ ಕೊಟ್ಟರು. ಕೊನೆಗೆ 1956ರಲ್ಲಿ ಬಂದ ಕಾಯ್ದೆ ಅಪ್ಪನ ಸ್ವಯಾರ್ಜಿತದಲ್ಲಿ ಮಗ ಮಗಳಿಗೆ ಸಮ ಪಾಲು ಕೊಟ್ಟಿತು. ಪಿತ್ರಾರ್ಜಿತದ ಹುಟ್ಟುಹಕ್ಕು ಮಾತ್ರ ಗಂಡುಮಕ್ಕಳಿಗೇ ಉಳಿಯಿತು. ಊರಿನ ಹೊಲ ಬಹುತೇಕ ಪಿತ್ರಾರ್ಜಿತವೇ ಅಲ್ವಾ?

ಮುಂದಿನ ತೇದಿಗಳು ಅಮ್ಮನ ಬದುಕಿನ ಮೇಲೆ ಹೇಗೆ ಬಿದ್ದವು ಅಂತ ಹೇಳಿದರೆ ಬೇಗ ಅರ್ಥ ಆಗುತ್ತದೆ. ಅವಳ ಮದುವೆ 1973ರಲ್ಲಿ. ಕರ್ನಾಟಕ ತಿದ್ದುಪಡಿ ತಂದು 1994ರ ಜುಲೈ 30ರಿಂದ ಹೆಣ್ಣುಮಕ್ಕಳಿಗೂ ಹುಟ್ಟುಹಕ್ಕು ಕೊಟ್ಟಿತು. ಆದರೆ ಆ ದಿನಕ್ಕೆ ಮೊದಲೇ ಮದುವೆಯಾದವರಿಗೆ ಇಲ್ಲ ಎಂದಿತು. ಅಮ್ಮ ಹೊರಗೆ. 1998ರಲ್ಲಿ ಅವಳ ಅಪ್ಪ, ಅಂದರೆ ನನ್ನ ತಾತ, ತೀರಿಕೊಂಡರು. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಮದುವೆಯಾದವರು, ಆಗದವರು ಎಂಬ ಭೇದ ತೆಗೆಯಿತು. ಅಮ್ಮ ಒಳಗೆ. 2015ರಲ್ಲಿ ಸುಪ್ರೀಂ ಕೋರ್ಟ್, ನಮ್ಮ ಬೆಳಗಾವಿ ಕಡೆಯಿಂದಲೇ ಹೋದ ಪ್ರಕರಣದಲ್ಲಿ, 2005ರ ಆ ದಿನ ಅಪ್ಪನೂ ಮಗಳೂ ಇಬ್ಬರೂ ಬದುಕಿರಬೇಕಿತ್ತು ಎಂದಿತು. ತಾತ ಇರಲಿಲ್ಲ, ಅಮ್ಮ ಮತ್ತೆ ಹೊರಗೆ. 2018ರಲ್ಲಿ, ಅದೂ ಕರ್ನಾಟಕದ್ದೇ ಇನ್ನೊಂದು ಪ್ರಕರಣ, ಬೇರೆ ಥರ ಹೇಳಿತು. ಕೊನೆಗೆ 2020ರ ಆಗಸ್ಟ್ 11ರಂದು ಮೂವರು ನ್ಯಾಯಮೂರ್ತಿಗಳ ಪೀಠ ಗೊಂದಲ ಬಗೆಹರಿಸಿತು: ಹಕ್ಕು ಬರೋದು ಹುಟ್ಟಿನಿಂದ, ಅಪ್ಪ 2005ರಲ್ಲಿ ಇರಲೇಬೇಕಿಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ಪತ್ರದಿಂದಲೋ ಕೋರ್ಟ್ ಡಿಕ್ರಿಯಿಂದಲೋ ಪಾಲಾಗಿದ್ದರೆ ಅದನ್ನು ಕೆದಕುವಂತಿಲ್ಲ. "ಬಾಯಿಮಾತಲ್ಲಿ ಯಾವಾಗಲೋ ಪಾಲಾಗಿತ್ತು" ಅನ್ನೋ ಮಾತು ಸಾಮಾನ್ಯವಾಗಿ ನಡೆಯಲ್ಲ. ಹೀಗೆ ಒಳಗೆ ಹೊರಗೆ ಓಡಾಡುತ್ತಾ ಅಮ್ಮನಿಗೆ ಅರವತ್ತೈದು ದಾಟಿತು. ಇದರಲ್ಲಿ ಒಂದೂ ಅವಳಿಗೆ ಗೊತ್ತಿರಲಿಲ್ಲ.

ಗೊತ್ತಿದ್ದವರು ಏನು ಮಾಡುತ್ತಾರೆ? ಎರಡು ವರ್ಷದ ಹಿಂದೆ ಬೇರೆ ಕೆಲಸಕ್ಕೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಧ ದಿನ ಕೂತಿದ್ದೆ. ಪಕ್ಕದ ಬೆಂಚಿನಲ್ಲಿ ಮೂವರು ಅಕ್ಕತಂಗಿಯರು, ಎಲ್ಲರೂ ಐವತ್ತು ದಾಟಿದವರು. ಅವರ ತಮ್ಮ ಸೀರೆ ಅಂಗಡಿಯ ಮೂರು ಕವರು ಹಿಡಿದುಕೊಂಡು ನಿಂತಿದ್ದ. ಹಕ್ಕು ಬಿಡುಗಡೆ ಪತ್ರ. ಕ್ಯಾಮೆರಾ ಮುಂದೆ ಒಬ್ಬೊಬ್ಬರೇ ಕೂತು ಹೆಬ್ಬೆರಳು ಒತ್ತಿದರು. "ಇಷ್ಟಪಟ್ಟು ಬಿಡ್ತಿದ್ದೀರಾ ಅಮ್ಮ?" ಅಂತ ಗುಮಾಸ್ತ ಕೇಳಿದ. ದೊಡ್ಡವಳು ನಕ್ಕಳು: "ತವರು ಬೇಕಲ್ಲ ಸ್ವಾಮಿ." ಆಮೇಲೆ ನಾಲ್ವರೂ ಎದುರಿನ ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿಂದರು. ತಮ್ಮನೇ ಬಿಲ್ಲು ಕೊಟ್ಟ.

ಇದನ್ನು ತಿಳುವಳಿಕೆ ಇಲ್ಲದವರು ಮಾಡೋದು ಅಂದುಕೊಂಡರೆ ತಪ್ಪು. ಅದು ಪಕ್ಕಾ ಲೆಕ್ಕ. ಗೌರಿ ಹಬ್ಬಕ್ಕೆ ಬಾಗಿನ ಬರಬೇಕು, ಮಗಳ ಮದುವೆಗೆ ಸೋದರಮಾವ ಬಂದು ನಿಲ್ಲಬೇಕು, ಗಂಡನ ಮನೆಯಲ್ಲಿ ಮಾತು ಮೀರಿದ ದಿನ "ನಮ್ಮಣ್ಣನಿಗೆ ಹೇಳ್ತೀನಿ" ಅನ್ನೋಕೆ ಒಬ್ಬ ಅಣ್ಣ ಇರಬೇಕು. ಎರಡು ಎಕರೆ ಕೇಳಿದರೆ ಇದೆಲ್ಲ ಹೋಗುತ್ತದೆ. ಸಿಕ್ಕ ಎರಡು ಎಕರೆಯನ್ನು ಬೇರೆ ಊರಲ್ಲಿದ್ದುಕೊಂಡು ಉಳುವವರು ಯಾರು? ಕಾಯ್ದೆ ತವರನ್ನು ಹಕ್ಕು ಮಾಡಿತು, ಆದರೆ ಜನ ಇನ್ನೂ ಅದನ್ನು ಋಣವಾಗಿಯೇ ಬದುಕುತ್ತಿದ್ದಾರೆ. ಅಳಿಯಕಟ್ಟಿನ ಹೆಣ್ಣಿಗೆ ಎರಡೂ ಒಂದೇ ಆಗಿದ್ದವು. ಹಕ್ಕು ಕೇಳಿದರೆ ಅಣ್ಣ ಹೋಗುತ್ತಾನೆ ಅನ್ನೋ ಭಯ ಇರಲಿಲ್ಲ, ಯಾಕೆಂದರೆ ಅವಳ ಮಗನೇ ಅಣ್ಣನ ವಾರಸುದಾರ.

ಉಳುವ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಹೊಲದಲ್ಲಿ ಬಿತ್ತನೆ ಹಾಕೋದು, ಕಳೆ ಕೀಳೋದು, ಕಡಲೆಕಾಯಿ ಬಿಡಿಸೋದು ಹೆಂಗಸರು. ನೇಗಿಲು ಮಾತ್ರ ಗಂಡಸಿನದು. ರೈತ ಅಂದರೆ ನೇಗಿಲು ಹಿಡಿದವನು, ಪಹಣಿ ಅವನ ಹೆಸರಿಗೆ. 2015-16ರ ಕೃಷಿ ಗಣತಿಯ ಪ್ರಕಾರ ದೇಶದಲ್ಲಿ ನೂರು ಹಿಡುವಳಿಗಳಲ್ಲಿ ಹೆಂಗಸರು ನಡೆಸುವುದು ಸುಮಾರು 14. ಮನೆಯೊಳಗೆ ಲೆಕ್ಕ ತಿರುಗುಮುರುಗು. 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸಕ್ಕೆ ಕೈ ಹಾಕುವ ಹೆಂಗಸರು ದಿನಕ್ಕೆ 299 ನಿಮಿಷ ಅದರಲ್ಲೇ ಕಳೆಯುತ್ತಿದ್ದರು. ಗಂಡಸರು 97 ನಿಮಿಷ. ಅದೂ ನೂರಕ್ಕೆ 26 ಗಂಡಸರು ಮಾತ್ರ ಆ ಕಡೆ ತಲೆ ಹಾಕಿದವರು. ಟ್ರ್ಯಾಕ್ಟರ್ ಬಂದು ನೇಗಿಲು ಅಟ್ಟ ಸೇರಿ ಎಷ್ಟೋ ವರ್ಷ ಆಯಿತು, ಪಹಣಿ ಮಾತ್ರ ಇನ್ನೂ ನೇಗಿಲಿನ ಹಿಂದೆಯೇ ನಡೆಯುತ್ತಿದೆ.

ಇನ್ನು ಕೂಡು ಕುಟುಂಬ ಒಡೆಯುತ್ತಿದೆ ಅನ್ನೋ ಗೋಳು. 1951ರಲ್ಲಿ ಭಾರತೀಯರ ಸರಾಸರಿ ಆಯಸ್ಸು 32ರ ಆಸುಪಾಸು. ಮೊಮ್ಮಕ್ಕಳನ್ನು ಕಾಣುವ ತನಕ ಬದುಕಿದ ಅಜ್ಜ ಅಜ್ಜಿ ಎಷ್ಟು ಮನೆಯಲ್ಲಿ ಇದ್ದಿರಬಹುದು? ಅಪ್ಪ ತೀರಿಕೊಂಡ ಮೇಲೆ ಅಣ್ಣತಮ್ಮಂದಿರ ಒಲೆ ಬೇರೆಯಾಗೋದು ಹಳೇ ಸಂಗತಿ. ಇಲ್ಲದಿದ್ದರೆ ವಿಜ್ಞಾನೇಶ್ವರ ಪಾಲಿನ ಬಗ್ಗೆ ಅಷ್ಟೊಂದು ಯಾಕೆ ಬರೆಯಬೇಕಿತ್ತು? ಹತ್ತಿಪ್ಪತ್ತು ಜನರ ದೊಡ್ಡ ಮನೆ ಜಾಸ್ತಿ ಜಮೀನಿದ್ದವರಿಗೆ ಸಾಧ್ಯವಾಗಿದ್ದ ಮಾತು.

ಮತ್ತೆ ಅಮ್ಮನ ವಿಷಯಕ್ಕೆ ಬರುತ್ತೇನೆ. ಗೃಹಲಕ್ಷ್ಮಿ ದುಡ್ಡಿನಲ್ಲಿ ಮೊದಲ ಸಲ ಅವಳು ಅಪ್ಪನನ್ನು ಕೇಳದೆ ಕನ್ನಡಕ ಬದಲಾಯಿಸಿದಳು. ಆ ಕನ್ನಡಕ ಹಾಕಿಕೊಂಡೇ ಹೋದ ತಿಂಗಳು ಒಂದು ಕಾಗದ ಓದಿದಳು. ಅವಳ ತವರಿನ ಹೊಲ ಇನ್ನೂ ತಾತನ ಹೆಸರಲ್ಲೇ ಇತ್ತು. ಪೌತಿ ಖಾತೆಗೆ, ಅಂದರೆ ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸೋಕೆ, ಅಂತ ವಂಶವೃಕ್ಷ ಮಾಡಿಸಿದ್ದರು. ಅದರ ನಕಲು ಯಾರದೋ ವಾಟ್ಸಾಪಿನಿಂದ ನನಗೆ ಬಂತು. ತಾತನ ಹೆಸರಿನ ಕೆಳಗೆ ಎರಡು ಗೆರೆ, ಎರಡು ಹೆಸರು. ಇಬ್ಬರೂ ಮಾವಂದಿರು.

ಅಮ್ಮ ಫೋನನ್ನು ದೂರ ಹಿಡಿದಳು, ಹತ್ತಿರ ಹಿಡಿದಳು. ಬೆರಳಿಂದ ದೊಡ್ಡದು ಮಾಡಿ ಇನ್ನೊಂದು ಸಲ ನೋಡಿದಳು. "ಮೂರನೇ ಗೆರೆ ಹಾಕೋದು ಮರೆತಿದ್ದಾರೆ" ಅಂದಳು.

"ಮರೆತಿಲ್ಲಮ್ಮ."

"ಪಾಲು ಯಾರಿಗೆ ಬೇಕು ಕಣೋ. ಹಬ್ಬಕ್ಕೆ ಬಾಗಿನ ತಪ್ಪಿಸಿಲ್ಲ ಅವರು." ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಆದ್ರೆ ನಾನು ಹುಟ್ಟೇ ಇಲ್ಲ ಅಂದ್ರೆ ಹೇಗೆ?"

ತಕರಾರು ಅರ್ಜಿಯನ್ನು ನಾಡಕಚೇರಿಯಲ್ಲಿ ಕೊಡಬಹುದು. ಅಮ್ಮನ ಆಧಾರ್, ಶಾಲೆಯ ಟಿ.ಸಿ., ತಾತನ ಮರಣ ಪತ್ರ ಜೋಡಿಸಿ ಇಟ್ಟಿದ್ದೇನೆ. ಮುಂದಿನ ಮಂಗಳವಾರ ಹೊರಡೋದು ಅಂತ ಆಗಿದೆ. ತಾನೂ ಬರುತ್ತೇನೆ ಅಂತ ಪಟ್ಟು ಹಿಡಿದಿದ್ದಾಳೆ. ಅವಳಿಗೆ ಬಸ್ಸು ಹೇಗೂ ಫ್ರೀ, ನಾನು ಒಬ್ಬನಿಗೆ ಟಿಕೆಟ್ ತಗೊಂಡರೆ ಸಾಕು.